ಹಳೆಯ ಕೋಡಿಗೆ ಕೈ ಹಾಕುವ ಮುನ್ನ: ಚಿಕ್ಕಬಳ್ಳಾಪುರ ಜಿಲ್ಲೆಯ ಕಂಪ್ಯೂಟರ್ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮತ್ತು ಪದವಿ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಮಾನ್ಯ ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,



ಈ ಪತ್ರದಲ್ಲಿ ನಿಮ್ಮನ್ನು ಕೇಳಿಕೊಳ್ಳುತ್ತಿರುವುದು ಒಂದೇ ಸಂಗತಿ. ಯಾರೋ ಎಂದೋ ಬರೆದಿಟ್ಟ ಪ್ರೋಗ್ರಾಂ ನಿಮ್ಮ ಕೈಗೆ ಬಂದರೆ, ಅದನ್ನು ತಿದ್ದುವ ಮುಂಚೆ, ಹೊಸ ಭಾಷೆಗೆ ತಿರುಗಿಸುವ ಮುಂಚೆ, ಹೊಸ ಕಂಪ್ಯೂಟರಿಗೆ ಸಾಗಿಸುವ ಮುಂಚೆ, ಅದರಲ್ಲಿ ಬಳಕೆಯಾಗಿರುವ ಪ್ರತಿಯೊಂದು ವೇರಿಯಬಲ್ ಎಲ್ಲಾದರೂ ಡಿಕ್ಲೇರ್ ಆಗಿದೆಯೇ ಎಂದು ಉಪಕರಣ ಹಾಕಿ ನೋಡಿ. ಬಂದ ಪಟ್ಟಿಯನ್ನು ಕೂತು ಓದಿ. ಆಮೇಲೆ ಕೋಡ್ ಮುಟ್ಟಿ. ಈ ಅಭ್ಯಾಸ ಮೊದಲ ವರ್ಷದ ಲ್ಯಾಬಿನಲ್ಲೇ ಬೀಳಬೇಕು. ನಮ್ಮ ಪಾಠಕ್ರಮವೆಲ್ಲ ಖಾಲಿ ಪರದೆಯಿಂದ ಶುರುವಾಗುತ್ತದೆ. ಹೊಸ ಫೈಲ್ ತೆರೆದು ಮೊದಲ ಸಾಲಿನಿಂದ ಬರೆಯುವುದನ್ನು ನಾವು ಕಲಿಸುತ್ತೇವೆ. ಆದರೆ ಇಲ್ಲಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಖಾಲಿ ಪರದೆ ಸಿಗುವುದು ಅಪರೂಪ. ಸಿಗುವುದು ಹತ್ತು ಇಪ್ಪತ್ತು ವರ್ಷದ ಹಿಂದೆ ಬೇರೆಯವರು ಬರೆದು, ನಡುವೆ ನಾಲ್ಕಾರು ಕೈ ತಿದ್ದಿ, ಈಗ ಯಾರಿಗೂ ಪೂರ್ತಿ ಅರ್ಥವಾಗದ ಸಾವಿರಾರು ಸಾಲು. ಬರೆಯುವುದನ್ನು ಕಲಿಸಿ ಓದುವುದನ್ನು ಕಲಿಸದಿದ್ದರೆ ಅವರಿಗೆ ಅರ್ಧ ವಿದ್ಯೆಯನ್ನಷ್ಟೇ ಕೊಟ್ಟು ಕಳಿಸಿದಂತೆ.

ಹಳೆಯ ಕೋಡ್ ಎಂದರೆ ಅಮೆರಿಕದ ಬ್ಯಾಂಕುಗಳ ತಲೆನೋವು, ನಮಗೇಕೆ ಎನ್ನುವ ಹಾಗಿಲ್ಲ. ಗೌರಿಬಿದನೂರಿನ ಬಳಿ 1965ರಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಶುರುವಾಯಿತು. ದೂರದ ದೇಶಗಳ ನೆಲದಡಿಯ ಅಣುಸ್ಫೋಟಗಳ ನಡುಕವನ್ನು ಹಿಡಿಯುವುದು ಅದರ ಕೆಲಸ. 1976ರಲ್ಲಿ ಅದೇ ತಾಲ್ಲೂಕಿನಲ್ಲಿ ರೇಡಿಯೊ ದೂರದರ್ಶಕ ಕೆಲಸ ಆರಂಭಿಸಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಅದು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್‌ಗಳನ್ನು ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದ ಯಂತ್ರ. ಆ ಆವರ್ತನದಲ್ಲಿ ತಯಾರಾದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಇಂಥ ಕಡೆ ದಾಖಲಾದ ಅಂಕಿಅಂಶ ಹಳಸುವುದಿಲ್ಲ. ಹೊಸ ಪ್ರಶ್ನೆ ಬಂದಾಗ ಹಳೆಯ ದಾಖಲೆಯನ್ನೇ ಮತ್ತೆ ತೆರೆಯಬೇಕಾಗುತ್ತದೆ, ಅದನ್ನು ಓದುವ ಪ್ರೋಗ್ರಾಂ ಕೂಡ ಅದರೊಂದಿಗೆ ಬದುಕಿರಬೇಕಾಗುತ್ತದೆ. ಆ ದಶಕಗಳಲ್ಲಿ ವಿಜ್ಞಾನದ ಲೆಕ್ಕದ ಭಾಷೆ ಜಗತ್ತಿನೆಲ್ಲೆಡೆ ಫೋರ್ಟ್ರಾನ್. ರೇಡಿಯೊ ಖಗೋಳದವರು ಬಳಸುವ ಏಪ್ಸ್ ಎಂಬ ತಂತ್ರಾಂಶದ ಕೆಲಸ ಅಮೆರಿಕದಲ್ಲಿ 1978ರಲ್ಲಿ ಶುರುವಾಯಿತು. ಅದರ ಬಹುಭಾಗ ಇಂದಿಗೂ ಫೋರ್ಟ್ರಾನ್ 77ರಲ್ಲೇ ಇದೆ. ಕಚೇರಿಗಳ ಕಡೆ ಬಂದರೆ, ನಮ್ಮ ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಗೆ ಕಾಲು ಶತಮಾನ ತುಂಬಿದೆ, ಅದರ ಮೊದಲ ಆವೃತ್ತಿ ವಿಷುಯಲ್ ಬೇಸಿಕ್‌ನದು. ಇವುಗಳಲ್ಲಿ ತಪ್ಪಿದೆ ಎಂದು ಯಾರೂ ಹೇಳುತ್ತಿಲ್ಲ. ಫೋರ್ಟ್ರಾನ್ ಮತ್ತು ವಿಷುಯಲ್ ಬೇಸಿಕ್ ಎರಡೂ, ನಾವಾಗಿ ತಡೆಯದಿದ್ದರೆ, ಡಿಕ್ಲೇರ್ ಮಾಡದ ಹೆಸರನ್ನು ಸುಮ್ಮನೆ ಒಪ್ಪಿಕೊಳ್ಳುವ ಭಾಷೆಗಳು ಎಂಬುದಷ್ಟೇ ಇಲ್ಲಿನ ವಿಷಯ.

ಒಪ್ಪಿಕೊಂಡರೆ ಏನಾಗುತ್ತದೆ? ಗ್ರಾಮ ಲೆಕ್ಕಿಗರೊಬ್ಬರು ಅರ್ಜಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ‘ಇದು ಯಾರದು’ ಎಂದು ಕೇಳದೆ, ಆ ತಪ್ಪು ಹೆಸರಿನಲ್ಲೇ ಹೊಸ ಖಾತೆ ತೆರೆದು ಮುಂದಿನ ಅರ್ಜಿಗೆ ಹೋದರೆ ಹೇಗೋ, ಇಲ್ಲೂ ಹಾಗೆಯೇ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಹೊರತಂದ ಫೋರ್ಟ್ರಾನ್‌ನಲ್ಲಿ ವೇರಿಯಬಲ್ ಡಿಕ್ಲೇರ್ ಮಾಡಲೇಬೇಕೆಂಬ ಕಟ್ಟಳೆ ಇರಲಿಲ್ಲ. ಹೆಸರಿನ ಮೊದಲ ಅಕ್ಷರ ಐ, ಜೆ, ಕೆ, ಎಲ್, ಎಂ, ಎನ್ ಇವುಗಳಲ್ಲೊಂದಾದರೆ ಪೂರ್ಣಾಂಕ, ಉಳಿದದ್ದೆಲ್ಲ ದಶಮಾಂಶ ಸಂಖ್ಯೆ ಎಂದು ಕಂಪೈಲರ್ ತಾನೇ ತೀರ್ಮಾನಿಸುತ್ತಿತ್ತು. ಒಂದೊಂದು ಸಾಲಿಗೂ ಒಂದೊಂದು ಕಾರ್ಡ್ ಪಂಚ್ ಮಾಡುತ್ತಿದ್ದ ಕಾಲದಲ್ಲಿ ಇದು ಉಪಕಾರವೇ. ಆದರೆ ಇದರಿಂದ ಕಾಗುಣಿತದ ತಪ್ಪು ತಪ್ಪಾಗಿ ಉಳಿಯದೆ ಹೊಸ ವೇರಿಯಬಲ್ ಆಗಿಬಿಡುತ್ತದೆ. ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡುತ್ತದೆ, ಉತ್ತರ ಕೊಡುತ್ತದೆ. ಉತ್ತರ ಮಾತ್ರ ಬೇರೆ.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಒಂದು ಅಲ್ಪವಿರಾಮದ್ದು. ಫೋರ್ಟ್ರಾನ್‌ನಲ್ಲಿ ‘ಡು 10 ಐ = 1,10’ ಎಂದರೆ, 10 ಎಂಬ ಗುರುತಿನ ಸಾಲಿನವರೆಗಿನ ಕೆಲಸವನ್ನು ಐ ಒಂದರಿಂದ ಹತ್ತಾಗುವ ತನಕ ಹತ್ತು ಸಲ ಮಾಡು ಎಂದರ್ಥ. ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ ಬಿದ್ದು ‘ಡು 10 ಐ = 1.10’ ಆದರೆ? ಹಳೆಯ ಫೋರ್ಟ್ರಾನ್‌ಗೆ ಪದಗಳ ನಡುವಿನ ಜಾಗ ಲೆಕ್ಕಕ್ಕಿಲ್ಲ. ಹಾಗಾಗಿ ಅದು ‘ಡು10ಐ’ ಎಂಬ ಹೊಸ ವೇರಿಯಬಲ್ಲಿಗೆ 1.10 ಬೆಲೆ ಕೊಟ್ಟಂತೆ ಓದಿಕೊಳ್ಳುತ್ತದೆ. ಹತ್ತು ಸಲ ಆಗಬೇಕಿದ್ದ ಲೆಕ್ಕ ಒಂದೇ ಸಲ ಆಗಿ ಮುಗಿಯುತ್ತದೆ. ನಾಸಾದ ಮರ್ಕ್ಯುರಿ ಯೋಜನೆಯ ಕಕ್ಷೆಯ ಲೆಕ್ಕದ ಪ್ರೋಗ್ರಾಮಿನಲ್ಲಿ 1960ರ ದಶಕದ ಆರಂಭದಲ್ಲಿ ಇಂಥ ತಪ್ಪು ಇತ್ತು. ಉತ್ತರದ ನಿಖರತೆ ಸಾಲದೆಂದು ಹುಡುಕಿದಾಗ ಸಿಕ್ಕಿತು, ಅನಾಹುತವೇನೂ ಆಗಲಿಲ್ಲ. 1962ರ ಜುಲೈ 22ರಂದು ಮ್ಯಾರಿನರ್-1 ನೌಕೆ ನಾಶವಾದದ್ದು ಈ ಚುಕ್ಕಿಯಿಂದ ಎಂದು ಎಷ್ಟೋ ಪಠ್ಯಪುಸ್ತಕಗಳು ಬರೆದಿವೆ. ಅದು ನಿಜವಲ್ಲ, ಅಲ್ಲಿನ ತಪ್ಪು ಮಾರ್ಗದರ್ಶನದ ಸಮೀಕರಣದಲ್ಲಿ ಒಂದಕ್ಷರದ ಮೇಲಿನ ಗೆರೆ ಬಿಟ್ಟುಹೋದದ್ದು. ಕ್ಲಾಸಿನಲ್ಲಿ ಹೇಳುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳೋಣ. ಮರ್ಕ್ಯುರಿಯ ಆ ಸಾಲನ್ನು ಇಂದಿನ ಜಿಫೋರ್ಟ್ರಾನ್ ಕಂಪೈಲರಿಗೆ, ಡಿಕ್ಲೇರ್ ಆಗದ ಹೆಸರನ್ನು ಒಪ್ಪಬೇಡ ಎನ್ನುವ ‘ಇಂಪ್ಲಿಸಿಟ್ ನನ್’ ಸೂಚನೆಯೊಂದಿಗೆ ಕೊಟ್ಟು ನೋಡಿ. ‘ಡು10ಐ’ ಎಂಬುದು ಯಾರೆಂದು ಗೊತ್ತಿಲ್ಲ ಎಂದು ಅಲ್ಲೇ ನಿಲ್ಲಿಸುತ್ತದೆ. ಚುಕ್ಕಿ ಹುಡುಕಲು ಕಣ್ಣು ಬೇಕಿಲ್ಲ, ಡಿಕ್ಲೇರ್ ಆಗದ ಹೆಸರು ಹುಡುಕುವ ಉಪಕರಣ ಸಾಕು.

ನಮ್ಮೂರಿನ ಲೆಕ್ಕದಲ್ಲೇ ನೋಡೋಣ. ಶಿಡ್ಲಘಟ್ಟದ ರೇಷ್ಮೆಗೂಡಿನ ವಹಿವಾಟನ್ನೇ ವಿಷಯ ಮಾಡಿಕೊಂಡು ವಿದ್ಯಾರ್ಥಿಯೊಬ್ಬ ವಿಷುಯಲ್ ಬೇಸಿಕ್ 6ರಲ್ಲಿ ಪ್ರಾಜೆಕ್ಟ್ ಮಾಡಿದ್ದಾನೆ ಎಂದು ಊಹಿಸಿಕೊಳ್ಳಿ. ಒಂದು ಲಾಟನ್ನು ಎರಡು ಸಲ ತೂಗಲಾಗಿದೆ, ಮೊದಲು 40 ಕಿಲೊ, ಆಮೇಲೆ 22 ಕಿಲೊ. ಎರಡನೇ ತೂಕ ‘ವೇಟ್2’ ಎಂಬ ವೇರಿಯಬಲ್‌ನಲ್ಲಿದೆ, ಕೂಡುವ ಸಾಲಿನಲ್ಲಿ ಬೆರಳು ತಪ್ಪಿ ‘ವೈಟ್2’ ಎಂದಾಗಿದೆ. ಮೇಲ್ಗಡೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಎಂಬ ಒಂದು ಸಾಲು ಇಲ್ಲದಿದ್ದರೆ ವಿಷುಯಲ್ ಬೇಸಿಕ್ ಆ ಹೊಸ ಹೆಸರಿಗೆ ಖಾಲಿ ಜಾಗವೊಂದನ್ನು ಕೊಡುತ್ತದೆ, ಕೂಡುವಾಗ ಖಾಲಿಯನ್ನು ಸೊನ್ನೆ ಎಂದು ಹಿಡಿಯುತ್ತದೆ. ಒಟ್ಟು ತೂಕ 62ರ ಬದಲು 40. ಕಿಲೊಗೆ 500 ರೂಪಾಯಿ ದರವೆಂದರೆ 31,000 ಬರಬೇಕಾದ ಕಡೆ 20,000. ಇಲ್ಲಿ ಗಮನಿಸಬೇಕಾದ್ದು, 20,000 ಎಂಬುದು ನಂಬಬಹುದಾದ ಮೊತ್ತ. ಉತ್ತರ ಸೊನ್ನೆ ಬಂದಿದ್ದರೆ, ಇಲ್ಲವೇ ಕೋಟಿ ಬಂದಿದ್ದರೆ, ಯಾರಾದರೂ ಕೂಗಾಡುತ್ತಿದ್ದರು. ಡಿಕ್ಲೇರ್ ಆಗದ ಹೆಸರಿನ ತಪ್ಪು ಬಹಳ ಸಲ ಲೆಕ್ಕದ ಒಂದು ತುಂಡನ್ನಷ್ಟೇ ನುಂಗುತ್ತದೆ. ಔಟ್‌ಪುಟ್ ನೋಡಿ ಟೆಸ್ಟ್ ಮಾಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಎಲ್ಲ ಲಾಟೂ ಒಂದೇ ತೂಕದಲ್ಲಿ ಮುಗಿಯುವ ದಿನ ಪ್ರೋಗ್ರಾಂ ಸರಿಯಾಗಿಯೇ ಇರುತ್ತದೆ.

ಈ ಮಾತಿಗೆ ಬರುವ ಮೊದಲ ಆಕ್ಷೇಪ ನಿಮಗೂ ಗೊತ್ತು: ‘ಇಪ್ಪತ್ತು ವರ್ಷದಿಂದ ಓಡುತ್ತಿದೆ, ಚೆನ್ನಾಗಿರುವುದನ್ನು ಯಾಕೆ ಕೆದಕುತ್ತೀರಿ?’ ಆಕ್ಷೇಪದಲ್ಲಿ ಹುರುಳಿದೆ. ಓಡುವ ಕೋಡನ್ನು ಸುಮ್ಮನೆ ತಿದ್ದಲು ಹೋಗಿ ಕೆಡಿಸಿದವರ ಸಂಖ್ಯೆ ಸಣ್ಣದಲ್ಲ. ಆದರೆ ಓಡುತ್ತಿರುವುದು ಕೋಡ್ ಒಂದೇ ಅಲ್ಲ. ಆ ಕೋಡ್, ಆ ಕಂಪೈಲರ್, ಆ ಯಂತ್ರ ಮೂರೂ ಸೇರಿ ಓಡುತ್ತಿವೆ. ಹಿಂದಿನ ಎಷ್ಟೋ ಫೋರ್ಟ್ರಾನ್ ಕಂಪೈಲರುಗಳು ಸಬ್‌ರುಟೀನಿನ ವೇರಿಯಬಲ್ಲುಗಳಿಗೆ ಮೆಮೊರಿಯಲ್ಲಿ ಖಾಯಂ ಜಾಗ ಕೊಡುತ್ತಿದ್ದವು, ಬಹಳ ಸಲ ಅಲ್ಲಿ ಮೊದಲಿಗೆ ಸೊನ್ನೆ ಇರುತ್ತಿತ್ತು. ಬೆಲೆ ಕೊಡುವುದನ್ನೇ ಮರೆತ ವೇರಿಯಬಲ್ ಕೂಡ ಸೊನ್ನೆಯಿಂದ ಶುರುವಾಗಿ ಸರಿಯುತ್ತರ ಕೊಡುತ್ತಿತ್ತು. ಇಂದಿನ ಕಂಪೈಲರ್ ಅಂಥ ವೇರಿಯಬಲ್ಲನ್ನು ಸ್ಟ್ಯಾಕಿನಲ್ಲಿಟ್ಟರೆ ಅಲ್ಲಿ ಹಿಂದಿನ ಲೆಕ್ಕದ ಕಸ ಬಿದ್ದಿರುತ್ತದೆ. ಸಿ ಭಾಷೆಯಲ್ಲೂ ಇಂಥದೇ ಕಥೆ. ಡಿಕ್ಲೇರ್ ಮಾಡದೆ ಕರೆದ ಫಂಕ್ಷನ್ ಪೂರ್ಣಾಂಕವನ್ನೇ ಹಿಂದಿರುಗಿಸುತ್ತದೆ ಎಂದು ಹಳೆಯ ಸಿ ಊಹಿಸುತ್ತಿತ್ತು. ಪೂರ್ಣಾಂಕವೂ ಮೆಮೊರಿ ವಿಳಾಸವೂ 32 ಬಿಟ್ ಇದ್ದ ಯಂತ್ರದಲ್ಲಿ, ವಿಳಾಸ ಹಿಂದಿರುಗಿಸುವ ಫಂಕ್ಷನ್ನಿಗೂ ಆ ಊಹೆಯಿಂದ ಏನೂ ಆಗುತ್ತಿರಲಿಲ್ಲ. 64 ಬಿಟ್ ಯಂತ್ರಕ್ಕೆ ಬಂದ ಕೂಡಲೇ ವಿಳಾಸದ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಕುಸಿಯಬಹುದು. ಅಂದರೆ ಇಪ್ಪತ್ತು ವರ್ಷ ಓಡಿದ್ದು ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ತಪ್ಪು ಹೊರಬರುವ ಸಂದರ್ಭ ಬಂದಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ. ಇನ್ನೊಂದು ಮಾತು: ಪರೀಕ್ಷಿಸುವ ಉಪಕರಣ ಮೂಲ ಕೋಡಿನ ಒಂದಕ್ಷರವನ್ನೂ ಬದಲಿಸುವುದಿಲ್ಲ. ಅದು ಓದುತ್ತದೆ, ವರದಿ ಕೊಡುತ್ತದೆ. ಕೆದಕುವ ಭಯಕ್ಕೆ ಇಲ್ಲಿ ಎಡೆಯೇ ಇಲ್ಲ.

ಇಂಥ ಉಪಕರಣಗಳು ನಿನ್ನೆ ಮೊನ್ನೆಯವಲ್ಲ. ಬೆಲ್ ಪ್ರಯೋಗಾಲಯದ ಬಾರ್ಬರಾ ರೈಡರ್ 1974ರಲ್ಲೇ ಫೋರ್ಟ್ರಾನ್‌ಗಾಗಿ ‘ಪಿಫೋರ್ಟ್ ವೆರಿಫೈಯರ್’ ಬಗ್ಗೆ ಬರೆದರು. ಅದೇ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗೆ ‘ಲಿಂಟ್’ ಮಾಡಿದರು. ಇಂದು ಈ ಬಗೆಯ ಉಪಕರಣಗಳಿಗೆಲ್ಲ ‘ಲಿಂಟರ್’ ಎಂಬ ಹೆಸರು ಬಂದದ್ದು ಅದರಿಂದಲೇ. ಫೋರ್ಟ್ರಾನ್ 77ಕ್ಕೆ ‘ಎಫ್‌ಟಿಎನ್‌ಚೆಕ್’ ಬಂತು. ಡಿಕ್ಲೇರ್ ಆಗದ ಹೆಸರು, ಬೆಲೆ ಕೊಡುವ ಮುಂಚೆಯೇ ಬಳಸಿದ ಹೆಸರು, ಬೆಲೆ ಕೊಟ್ಟು ಎಲ್ಲೂ ಬಳಸದ ಹೆಸರು, ಬೇರೆ ಬೇರೆ ಫೈಲುಗಳಲ್ಲಿ ಬೇರೆ ಬೇರೆಯಾಗಿ ಹಂಚಿಕೊಂಡ ಕಾಮನ್ ಬ್ಲಾಕ್ ಎಲ್ಲವನ್ನೂ ಅದು ಹೆಕ್ಕಿ ತೋರಿಸುತ್ತದೆ. ಫೋರ್ಟ್ರಾನ್ 90 ಬಂದಾಗ ‘ಇಂಪ್ಲಿಸಿಟ್ ನನ್’ ಎಂಬ ಸಾಲು ಭಾಷೆಯ ಅಧಿಕೃತ ಭಾಗವಾಯಿತು. ಇವೆಲ್ಲದರ ಅಗತ್ಯ ನಿಜಕ್ಕೂ ಇದೆಯೇ ಎಂದು ಕೇಳುವವರು ಲೆಸ್ ಹ್ಯಾಟನ್ 1997ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಬೇಕು. ಅದಾಗಲೇ ಬಳಕೆಯಲ್ಲಿದ್ದ ವೈಜ್ಞಾನಿಕ ತಂತ್ರಾಂಶಗಳನ್ನು ಓಡಿಸದೆ, ಕೋಡನ್ನು ಬರೀ ಉಪಕರಣದಿಂದ ಓದಿಸಿದಾಗ, ಸಿ ಭಾಷೆಯಲ್ಲಿ ಸಾವಿರ ಸಾಲಿಗೆ ಸುಮಾರು 8, ಫೋರ್ಟ್ರಾನ್‌ನಲ್ಲಿ ಸುಮಾರು 12 ಗಂಭೀರ ದೋಷಗಳು ಸಿಕ್ಕವು. ಅವೆಲ್ಲ ಡಿಕ್ಲರೇಷನ್ನಿನ ತಪ್ಪುಗಳೇ ಅಲ್ಲ, ಆದರೆ ಎಲ್ಲವೂ ಯಂತ್ರವೇ ಹಿಡಿಯಬಹುದಾಗಿದ್ದ ತಪ್ಪುಗಳು. ಅದೇ ಸರಣಿಯಲ್ಲಿ, ತೈಲ ಹುಡುಕಾಟದ ಭೂಕಂಪನ ದತ್ತಾಂಶವನ್ನು ಒಂಬತ್ತು ಬೇರೆ ಬೇರೆ ಪ್ಯಾಕೇಜುಗಳಿಗೆ ಕೊಟ್ಟಾಗ, ಆರು ಅಂಕಿಯವರೆಗೆ ಹೊಂದಬೇಕಿದ್ದ ಉತ್ತರಗಳು ಕೊನೆಗೆ ಒಂದೆರಡು ಅಂಕಿಯಷ್ಟೇ ಹೊಂದಿದವು. ಭೂಕಂಪಮಾಪಕಗಳನ್ನು ಆರು ದಶಕದಿಂದ ತನ್ನ ನೆಲದಲ್ಲಿಟ್ಟುಕೊಂಡ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದು ಪಠ್ಯವಾಗಬೇಕಾದ ಪ್ರಯೋಗ.

ಇಲ್ಲೊಂದು ಅಪಾಯವೂ ಇದೆ. ಎಫ್‌ಟಿಎನ್‌ಚೆಕ್‌ನಂಥ ಕೆಲವು ಉಪಕರಣಗಳು ಡಿಕ್ಲರೇಷನ್ನುಗಳನ್ನು ತಾವೇ ಬರೆದುಕೊಡುತ್ತವೆ. ಒಂದು ಆಜ್ಞೆ ಕೊಟ್ಟರೆ ಸಾಕು, ಪ್ರೋಗ್ರಾಮಿನ ಪ್ರತಿ ಹೆಸರಿಗೂ ಅಚ್ಚುಕಟ್ಟಾದ ಘೋಷಣೆ ತಯಾರು. ಅದನ್ನು ಹಾಗೆಯೇ ಅಂಟಿಸಿದರೆ ‘ವೈಟ್2’ಗೂ ಒಂದು ಘೋಷಣೆ ಸಿಗುತ್ತದೆ, ‘ಡು10ಐ’ಗೂ ಒಂದು ಸಿಗುತ್ತದೆ. ಕಳ್ಳಹೆಸರು ಸಕ್ರಮವಾಗಿಬಿಡುತ್ತದೆ. ಆಮೇಲೆ ಯಾವ ಕಂಪೈಲರೂ ಅದನ್ನು ಪ್ರಶ್ನಿಸುವುದಿಲ್ಲ. ಹಾಗಾಗಿ ಉಪಕರಣ ಕೊಟ್ಟ ಪಟ್ಟಿಯನ್ನು ಮನುಷ್ಯರು ಓದುವುದೇ ಈ ಕೆಲಸದ ತಿರುಳು. ಓದುವ ಕ್ರಮ ಕಷ್ಟದ್ದಲ್ಲ. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಸಲ ಬಂದ ಹೆಸರು ಯಾವುದು? ಬೆಲೆ ಪಡೆದೂ ಎಲ್ಲೂ ಬಳಕೆಯಾಗದ್ದು ಯಾವುದು? ಬಳಕೆಯಾಗಿಯೂ ಬೆಲೆ ಪಡೆಯದ್ದು ಯಾವುದು? ಒಂದಕ್ಷರವಷ್ಟೇ ಬೇರೆ ಇರುವ ಜೋಡಿ ಹೆಸರುಗಳು ಯಾವುವು? ಈ ನಾಲ್ಕು ಪ್ರಶ್ನೆಗೆ ಸಿಕ್ಕಿದ ಹೆಸರುಗಳನ್ನು ಒಂದೊಂದಾಗಿ ಬಗೆಹರಿಸಿ, ಉಳಿದವಕ್ಕೆ ಮಾತ್ರ ಘೋಷಣೆ ಬರೆಯಬೇಕು. ಬರೆಯುವಾಗಲೂ ಹಳೆಯ ನಿಯಮದ ಪ್ರಕಾರ ಇದ್ದ ಬಗೆಯನ್ನೇ ಬರೆಯಬೇಕು. ಹೇಗೂ ಮುಟ್ಟಿದ್ದೇವಲ್ಲ ಎಂದು ಸಾಮಾನ್ಯ ದಶಮಾಂಶವನ್ನು ಡಬಲ್ ಪ್ರಿಸಿಷನ್‌ಗೆ ಏರಿಸಿದರೆ ಉತ್ತರ ಬದಲಾಗುತ್ತದೆ. ಆಗ ಬದಲಾದದ್ದು ತಪ್ಪು ಸರಿಹೋಗಿಯೋ, ಬಗೆ ಬದಲಾಗಿಯೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ.

ಎರಡನೇ ಆಕ್ಷೇಪ ವಾರ್ನಿಂಗುಗಳದ್ದು. ಹಳೆಯ ಕೋಡಿಗೆ ಲಿಂಟರ್ ಹಾಕಿದರೆ ನೂರಾರು ವಾರ್ನಿಂಗ್ ಸುರಿಯುತ್ತವೆ, ಅರ್ಧಕ್ಕರ್ಧ ಕೆಲಸಕ್ಕೆ ಬಾರದವು, ಕೊನೆಗೆ ಜನ ಓದುವುದನ್ನೇ ಬಿಡುತ್ತಾರೆ ಎನ್ನುತ್ತಾರೆ. ನಿಜ, ಎಲ್ಲವನ್ನೂ ಒಟ್ಟಿಗೆ ತೆರೆದರೆ ಹಾಗೇ ಆಗುತ್ತದೆ. ಡಿಕ್ಲರೇಷನ್ ಪರೀಕ್ಷೆಯಿಂದ ಶುರುಮಾಡಿ ಎನ್ನುವುದೂ ಅದಕ್ಕೇ. ಬೇರೆ ವಾರ್ನಿಂಗುಗಳಲ್ಲಿ ಅಭಿಪ್ರಾಯಭೇದಕ್ಕೆ ಎಡೆ ಇದೆ. ಒಂದು ಹೆಸರು ಡಿಕ್ಲೇರ್ ಆಗಿದೆಯೋ ಇಲ್ಲವೋ ಎಂಬುದರಲ್ಲಿ ಎರಡು ಮಾತಿಲ್ಲ. ಉಳಿದ ಬಗೆಗಳನ್ನು ಆಮೇಲೆ ಒಂದೊಂದಾಗಿ ತೆರೆಯಬಹುದು. ಇವತ್ತಿನ ಪಟ್ಟಿಯನ್ನು ಹಾಗೇ ಎತ್ತಿಟ್ಟುಕೊಂಡು, ನಾಳೆಯಿಂದ ಅದಕ್ಕೆ ಹೊಸದೊಂದು ಸೇರದಂತೆ ನೋಡಿಕೊಳ್ಳುವುದೂ ಒಳ್ಳೆಯ ಆರಂಭವೇ.

ಮೂರನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: ಡಿಕ್ಲೇರ್ ಮಾಡಿದ ಮಾತ್ರಕ್ಕೆ ಲೆಕ್ಕ ಸರಿಯಾಗುತ್ತದೆಯೇ? ಇಲ್ಲ. 1999ರಲ್ಲಿ ಮಂಗಳದ ಕಕ್ಷೆ ಸೇರಬೇಕಿದ್ದ ನಾಸಾದ ನೌಕೆಯೊಂದು ನಾಶವಾದದ್ದು, ಒಂದು ಕಡೆಯ ತಂತ್ರಾಂಶ ಪೌಂಡಿನ ಅಳತೆಯಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ಕಡೆ ಮೆಟ್ರಿಕ್ ಎಂದು ಓದಿಕೊಂಡದ್ದರಿಂದ. ಹೆಸರುಗಳ ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಅಂಥ ತಪ್ಪು ಅದರಲ್ಲಿ ಕಾಣುವುದಿಲ್ಲ. ಈ ಪರೀಕ್ಷೆಯ ಮಿತಿ ಇದು. ಆದರೆ ಮಿತಿ ಇದೆ ಎಂಬುದು ಮಾಡದಿರುವುದಕ್ಕೆ ಕಾರಣವಾಗದು. ಅಳತೆ, ಸೂತ್ರ, ವಿಧಾನಗಳ ತಪ್ಪು ಹುಡುಕಲು ವಿಷಯ ಬಲ್ಲವರ ಸಮಯ ಬೇಕು. ಬೆರಳು ತಪ್ಪಿದ ಹೆಸರು ಹುಡುಕಲು ಆ ಸಮಯ ಖರ್ಚಾಗಬಾರದು.

‘ಪೈಥಾನ್‌ನಲ್ಲಿ ಡಿಕ್ಲರೇಷನ್ನೇ ಇಲ್ಲವಲ್ಲ, ಇದು ಮುಗಿದ ಕಾಲದ ಮಾತು’ ಎನ್ನುವವರೂ ಇದ್ದಾರೆ. ಪೈಥಾನ್‌ನಲ್ಲಿ ಬೆಲೆಯಿಲ್ಲದ ಹೆಸರನ್ನು ಓದಲು ಹೋದರೆ ಎರರ್ ಬರುತ್ತದೆ, ಸರಿ. ಆದರೆ ಬೆಲೆ ಕೊಡುವಾಗ ಹೆಸರು ತಪ್ಪಿದರೆ ಅಲ್ಲಿಯೂ ಸದ್ದಿಲ್ಲದೆ ಹೊಸ ವೇರಿಯಬಲ್ ಹುಟ್ಟುತ್ತದೆ. ಪೈಫ್ಲೇಕ್ಸ್, ಪೈಲಿಂಟ್ ಎಂಬ ಉಪಕರಣಗಳಿಗೆ ಕೆಲಸ ಇರುವುದು ಅದಕ್ಕೇ. ಜಾವಾಸ್ಕ್ರಿಪ್ಟ್ ಕೂಡ ಡಿಕ್ಲೇರ್ ಆಗದ ಹೆಸರನ್ನು ವರ್ಷಗಟ್ಟಲೆ ಒಪ್ಪಿಕೊಂಡು, 2009ರಲ್ಲಿ ‘ಸ್ಟ್ರಿಕ್ಟ್’ ವಿಧಾನ ತಂದು ಬೇಡವೆಂದವರಿಗೆ ಅದನ್ನು ತಡೆಯುವ ದಾರಿ ಕೊಟ್ಟಿತು. ಇನ್ನು ಎಐ ಇದೆಯಲ್ಲ, ಹಳೆಯ ಕೋಡನ್ನು ಅದೇ ಹೊಸ ಭಾಷೆಗೆ ತಿರುಗಿಸಿಕೊಡುತ್ತದೆ ಎಂಬ ಮಾತು. ತಿರುಗಿಸಿಕೊಡುತ್ತದೆ, ಬಳಸಿ. ಆದರೆ ‘ವೇಟ್2’, ‘ವೈಟ್2’ ಎರಡೂ ಇರುವ ಕೋಡ್ ಕೊಟ್ಟಾಗ ಅದು ಎರಡನ್ನೂ ಉಳಿಸಬಹುದು, ಇಲ್ಲವೇ ತಾನೇ ಒಂದು ಮಾಡಿ ನಿಮಗೆ ಹೇಳದೆಯೂ ಇರಬಹುದು. ನಿಜಕ್ಕೂ ಎರಡು ಬೇರೆ ವೇರಿಯಬಲ್ಲುಗಳಾಗಿದ್ದರೆ ಹಾಗೆ ಒಂದು ಮಾಡಿದ್ದೇ ಹೊಸ ತಪ್ಪು. ಪರೀಕ್ಷಿಸುವ ಉಪಕರಣ ಹಾಗೆ ಊಹಿಸುವುದಿಲ್ಲ. ಒಂದೇ ಕೋಡಿಗೆ ಎಷ್ಟು ಸಲ ಹಾಕಿದರೂ ಒಂದೇ ಪಟ್ಟಿ ಕೊಡುತ್ತದೆ. ಮೊದಲು ಆ ಪಟ್ಟಿ, ಆಮೇಲೆ ಎಐ ಎಂದಾದರೆ ಎರಡರಿಂದಲೂ ಲಾಭ.

ಉಳಿಯುವುದು ಅಂಕದ ಪ್ರಶ್ನೆ. ಪರೀಕ್ಷೆಯಲ್ಲಿ ಕೇಳದ್ದನ್ನು ಯಾರು ಕಲಿಯುತ್ತಾರೆ ಎನ್ನುವುದು ನಮ್ಮ ಕಾಲೇಜುಗಳ ವಾಸ್ತವ. ಅದಕ್ಕೆ ಹೊಸ ಸಿಲಬಸ್ ಬೇಕಿಲ್ಲ, ಇರುವ ಸಿ ಲ್ಯಾಬಿನಲ್ಲೇ ದಾರಿಯಿದೆ. ದೇಶದ ಎಷ್ಟೋ ಲ್ಯಾಬುಗಳಲ್ಲಿ ಟರ್ಬೊ ಸಿಯ ನೀಲಿ ಪರದೆ ಇನ್ನೂ ಉಳಿದಿದೆ. ದಶಕಗಳ ಹಿಂದಿನ ಆ ಕಂಪೈಲರ್ ಕ್ಷಮಿಸಿದ್ದನ್ನು ಇಂದಿನದು ಕ್ಷಮಿಸುವುದಿಲ್ಲ. ಡಿಕ್ಲೇರ್ ಮಾಡದ ಫಂಕ್ಷನ್ನುಗಳನ್ನು ಸಿ ಭಾಷೆಯ ಮಾನಕ 1999ರಲ್ಲೇ ಕೈಬಿಟ್ಟಿತ್ತು. 2024ರ ಜಿಸಿಸಿ 14 ಕಂಪೈಲರ್ ಅವನ್ನು ವಾರ್ನಿಂಗಿನಿಂದ ಎರರ್‌ಗೆ ಏರಿಸಿದೆ. ಟರ್ಬೊ ಸಿಯಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದ ಪ್ರೋಗ್ರಾಂ ಹೊರಗಿನ ಜಗತ್ತಿನಲ್ಲಿ ಕಂಪೈಲ್ ಕೂಡ ಆಗದಿರಬಹುದು. ಜಿಸಿಸಿ, ಜಿಫೋರ್ಟ್ರಾನ್ ಎರಡೂ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ. ಹಾಗಾಗಿ ನನ್ನ ಕೋರಿಕೆ ಇಷ್ಟು. ಲ್ಯಾಬ್ ರೆಕಾರ್ಡಿನಲ್ಲಿ ಔಟ್‌ಪುಟ್ ಜೊತೆಗೆ, ಎಲ್ಲ ವಾರ್ನಿಂಗ್ ತೆರೆದು ಕಂಪೈಲ್ ಮಾಡಿದ ವರದಿಯನ್ನೂ ಅಂಟಿಸಲು ಹೇಳಿ. ಇಂಟರ್ನಲ್ಸ್‌ನ ಒಂದು ಪ್ರಯೋಗದಲ್ಲಿ ಹೊಸ ಪ್ರೋಗ್ರಾಂ ಬರೆಸುವ ಬದಲು, ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ಕೋಡ್ ಕೊಟ್ಟು ಅದರ ಹೆಸರುಗಳ ಪಟ್ಟಿ ಮಾಡಿಸಿ, ಅನುಮಾನದವನ್ನು ಗುರುತಿಸಲು ಹೇಳಿ ಅಂಕ ಕೊಡಿ. ವೈವಾದಲ್ಲಿ ‘ಈ ವೇರಿಯಬಲ್ ಎಲ್ಲಿ ಹುಟ್ಟಿತು, ಮೊದಲ ಬೆಲೆ ಎಲ್ಲಿ ಬಂತು’ ಎಂದು ಕೇಳಿ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಸೀನಿಯರ್‌ಗಳ ಪ್ರಾಜೆಕ್ಟ್ ಕೋಡ್ ಹೇಗೂ ಪೆನ್‌ಡ್ರೈವ್‌ನಲ್ಲಿ ನಿಮ್ಮ ತನಕ ಬಂದೇ ಬರುತ್ತದೆ. ಈ ಸಲ ಅದನ್ನು ಹೆಸರು ಬದಲಿಸಿ ಒಪ್ಪಿಸುವ ಮುಂಚೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಅಥವಾ ‘ಇಂಪ್ಲಿಸಿಟ್ ನನ್’ ಹಾಕಿ ಒಮ್ಮೆ ಕಂಪೈಲ್ ಮಾಡಿ. ಬರುವ ಎರರ್‌ಗಳನ್ನು ಒಂದೊಂದಾಗಿ ಬಗೆಹರಿಸಿದರೆ, ಕೊನೆಗೆ ಅದು ನಿಜಕ್ಕೂ ನಿಮ್ಮದೇ ಪ್ರಾಜೆಕ್ಟ್ ಆಗಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ಕೋಡ್ ಓದುವ ಒಬ್ಬ ಪ್ರೋಗ್ರಾಮರ್